217.5 ನ್ಯಾನೋಮೀಟರ್ ಉಬ್ಬು: ಆಕಾಶದ ಮಸಿ ಯಾವುದು?

ನಕ್ಷತ್ರದ ಬೆಳಕು ನಮ್ಮ ತನಕ ಬರೋಷ್ಟರಲ್ಲಿ ಮಧ್ಯದ ಧೂಳು ಒಂದಷ್ಟನ್ನ ನುಂಗಿಬಿಟ್ಟಿರುತ್ತೆ, ಅದರಲ್ಲೂ ಅಲ್ಟ್ರಾವೈಲೆಟ್‌ನಲ್ಲಿ 217.5 ನ್ಯಾನೋಮೀಟರ್ ಹತ್ರ ವಿಪರೀತ ಜಾಸ್ತಿ, ಗ್ರಾಫ್ ಎಳೆದ್ರೆ ಅಲ್ಲೊಂದು ಉಬ್ಬು ಕಾಣುತ್ತೆ. 1965ರಲ್ಲಿ ಥಿಯೋಡರ್ ಸ್ಟೆಕರ್ ರಾಕೆಟ್ ವೀಕ್ಷಣೆಯಿಂದ ಇದನ್ನ ಪತ್ತೆ ಹಚ್ಚಿದ್ರು, ಅದೇ ವರ್ಷ ಬರ್ಟ್ರಾಮ್ ಡಾನ್ ಜೊತೆ ಸೇರಿ ಗ್ರಾಫೈಟ್, ಅಂದ್ರೆ ಪೆನ್ಸಿಲ್ ಕಡ್ಡಿಯಲ್ಲಿರೋ ಕಾರ್ಬನ್, ಇರಬಹುದು ಅಂದ್ರು. ಆಮೇಲೆ ಎಷ್ಟೋ ವರ್ಷ ಅದೇ ಮಾತು ಓಡ್ತು.

ಸ್ವಲ್ಪ ಜಾಸ್ತೀನೇ ಓಡ್ತು ಅನ್ಸುತ್ತೆ. ಗ್ರಾಫೈಟ್ ಕಣದ ಸೈಜು, ಆಕಾರ ಬದಲಾದ್ರೆ ಉಬ್ಬಿನ ಜಾಗಾನೂ ಸರಿಯಬೇಕು. ಆದ್ರೆ 1986ರಲ್ಲಿ ಫಿಟ್ಜ್‌ಪ್ಯಾಟ್ರಿಕ್ ಮತ್ತು ಮಸ್ಸಾ ಬೇರೆ ಬೇರೆ ದಿಕ್ಕಿನ ನಕ್ಷತ್ರಗಳನ್ನ ಹೋಲಿಸಿದಾಗ ಉಬ್ಬಿನ ಅಗಲ ಬದಲಾಗ್ತಿತ್ತೇ ಹೊರತು ತುದಿ ಹೆಚ್ಚುಕಮ್ಮಿ ಅಲ್ಲೇ ಇತ್ತು.

ಅಷ್ಟರಲ್ಲಿ ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿ ವೋಲ್ಫ್‌ಗಾಂಗ್ ಕ್ರೆಚ್‌ಮರ್ ಮತ್ತು ಅಮೆರಿಕದ ಡೊನಾಲ್ಡ್ ಹಫ್‌ಮನ್ ಆಕಾಶದ ಧೂಳನ್ನ ಲ್ಯಾಬಲ್ಲೇ ಮಾಡೋಣ ಅಂತ ಹೊರಟಿದ್ರು. ಗಾಜಿನ ಜಾಡಿಯೊಳಗೆ ಹೀಲಿಯಂ ತುಂಬಿ, ಗ್ರಾಫೈಟ್ ಕಡ್ಡಿಗೆ ಕರೆಂಟ್ ಹರಿಸಿ ಕಾಯಿಸಿದ್ರೆ ಹೊಗೆ ಏಳುತ್ತೆ, ಆ ಮಸಿನ ಕ್ವಾರ್ಟ್ಜ್ ಚೂರಿನ ಮೇಲೆ ಹಿಡಿದು ಅಲ್ಟ್ರಾವೈಲೆಟ್ (ಯುವಿ) ಬೆಳಕಲ್ಲಿ ಅಳೀತಿದ್ರು. ಮಸಿ ಕಣಗಳು ಒಂದಕ್ಕೊಂದು ಅಂಟ್ಕೊಂಡು ಗಂಟು ಕಟ್ಟಿದ್ರೆ ಅಳತೆ ಕೆಡುತ್ತೆ, ಈ ತಲೆನೋವು ಇವತ್ತಿಗೂ ಇದೆ. 1980ರ ದಶಕದ ಶುರುವಲ್ಲಿ ಹೀಲಿಯಂ ಒತ್ತಡ ಹೆಚ್ಚಿಸಿದಾಗ ಒಂದರ ಬದಲು ಹಲವು ಉಬ್ಬು ಬಂತು, ಅದಕ್ಕೆ ಕ್ಯಾಮಲ್ ಸ್ಯಾಂಪಲ್ ಅಂತ ಹೆಸರಿಟ್ಟು, ಏನೋ ಕೊಳೆ ಸೇರಿರಬೇಕು ಅಂತ ಬದಿಗಿಟ್ರು. 1985ರಲ್ಲಿ ಕ್ರೋಟೋ, ಸ್ಮಾಲಿ, ಕರ್ಲ್ ತಂಡ ಸಿ60 ಅನ್ನೋ, 60 ಕಾರ್ಬನ್ ಪರಮಾಣುಗಳ ಚೆಂಡಿನಂಥ ಅಣು ಪ್ರಕಟಿಸಿದ ಮೇಲೆ ಹಳೇ ಮಸಿ ನೆನಪಾಯ್ತು, ಇನ್‌ಫ್ರಾರೆಡ್‌ನಲ್ಲಿ ನೋಡಿದ್ರೆ ಸಿ60ಗೆ ಇರಬೇಕಾದ ನಾಲ್ಕೂ ಗೆರೆ ಸಿಕ್ವು. 1990ರಲ್ಲಿ ಅದೇ ಮಸಿನ ಬೆಂಜೀನ್‌ನಲ್ಲಿ ಕರಗಿಸಿ ಕೈಗೆ ಸಿಗೋಷ್ಟು ಸಿ60 ತೆಗೆದ್ರು. ಕೆಮಿಸ್ಟ್ರಿಗೆ ಹಬ್ಬ, ಆದ್ರೆ ಹುಡುಕ್ತಿದ್ದ ಉಬ್ಬಿನ ಪ್ರಶ್ನೆ ಹಾಗೇ ಉಳೀತು, ಯಾಕಂದ್ರೆ ಸಿ60ಗೆ ಇನ್ನೂ ಬೇರೆ ಜೋರಾದ ಪಟ್ಟೆಗಳಿವೆ, ಆಕಾಶದ ಕರ್ವ್‌ನಲ್ಲಿ ಅವು ಕಾಣಲ್ಲ.

ಮುಂದೆ ಕೆಲವರು ಉಬ್ಬಿಗೆ ಕಾರಣ ಪಿಎಎಚ್ (ಕಾರ್ಬನ್ ಉಂಗುರಗಳು ಒಂದಕ್ಕೊಂದು ಸೇರಿದ, ಹೈಡ್ರೋಜನ್ ಇರೋ) ಅಣುಗಳ ಮಿಶ್ರಣ ಅಂದ್ರು, 1998ರಲ್ಲಿ ಇಟಲಿಯ ಮೆನ್ನೆಲ್ಲಾ ತಂಡ ಹೈಡ್ರೋಜನ್ ಬೆರೆತ ಕಾರ್ಬನ್ ಕಣಗಳ ಮೇಲೆ ಯುವಿ ಬಿಟ್ಟು ಉಬ್ಬು ತೋರಿಸ್ತು. ಪ್ರತಿ ಲ್ಯಾಬಿಗೂ ತನ್ನ ಮಸಿಯೇ ಸರಿ ಅನ್ಸೋದು ಸಹಜ, ಆದ್ರೆ ಒಂದೇ ಉಬ್ಬಿಗೆ ಹೊಂದೋ ವಸ್ತು ಇಷ್ಟೊಂದು ಇರೋವಾಗ ಬರೀ ಹೊಂದಿಕೆ ತೋರಿಸಿದ್ರೆ ಸಾಲಲ್ಲ. ಅದೇ ಕಣ ಇನ್‌ಫ್ರಾರೆಡ್‌ನಲ್ಲಿ ಏನ್ ಮಾಡುತ್ತೆ, ಆಕಾಶದಲ್ಲಿ ಅಷ್ಟು ಕಾರ್ಬನ್ ಇದೆಯಾ ಅಂತಾನೂ ಲೆಕ್ಕ ಕೊಡ್ಬೇಕು.

2023ರಲ್ಲಿ ಜೇಮ್ಸ್ ವೆಬ್ ದೂರದರ್ಶಕಕ್ಕೆ ಬಿಗ್ ಬ್ಯಾಂಗ್ ಆಗಿ 100 ಕೋಟಿ ವರ್ಷ ಆಗೋ ಮುಂಚಿನ ಗ್ಯಾಲಕ್ಸಿಯಲ್ಲೂ ಈ ಉಬ್ಬು ಕಾಣಿಸ್ತು. ಈಗ ಆ ಮಸಿ ಯಾವುದು ಅನ್ನೋದರ ಜೊತೆ, ಅಷ್ಟು ಬೇಗ ಹೇಗೆ ತಯಾರಾಯ್ತು ಅಂತಾನೂ ಲ್ಯಾಬಿನವರು ಹೇಳ್ಬೇಕು.