‘ಒಳ್ಳೆಯ ಕೀವು’: ವೈದ್ಯರೇ ಕೀವಿಗಾಗಿ ಕಾಯುತ್ತಿದ್ದ ಕಾಲ

ಗಾಯ ಕೀವುಗೂಡಿದರೆ ಇಂದು ಶಸ್ತ್ರವೈದ್ಯರಿಗೆ ಆತಂಕ. ಆದರೆ 19ನೇ ಶತಮಾನದ ನಡುವಿನವರೆಗೂ ಯುರೋಪಿನ ಅನೇಕ ವೈದ್ಯರು ಒಂದು ಬಗೆಯ ಕೀವಿಗಾಗಿ ಕಾಯುತ್ತಿದ್ದರು. ಲ್ಯಾಟಿನ್‌ನಲ್ಲಿ ಅದು ‘ಪುಸ್ ಬೋನುಮ್ ಎಟ್ ಲೌಡಾಬಿಲೆ’, ಅಂದರೆ ಒಳ್ಳೆಯ, ಮೆಚ್ಚತಕ್ಕ ಕೀವು. ಕೆನೆಯಂತೆ ಗಟ್ಟಿಯಾಗಿ, ಅಷ್ಟಾಗಿ ನಾರದೆ ಬಂದರೆ ರೋಗಿ ಉಳಿದಾನು ಎಂಬ ಭರವಸೆ. ನೀರುನೀರಾಗಿ, ರಕ್ತ ಬೆರೆತು, ಗಬ್ಬು ನಾರಿದರೆ ಆಸೆ ಬಿಡುತ್ತಿದ್ದರು.

ಅವರ ಕಣ್ಣು ತಪ್ಪಿರಲಿಲ್ಲ. ಗಟ್ಟಿ ಕೀವಿಗೆ ಸಾಮಾನ್ಯ ಕಾರಣ ಸ್ಟೆಫಿಲೊಕಾಕಸ್ ಎಂಬ ಜೀವಾಣು. ಅದರ ಕೋಆಗ್ಯುಲೇಸ್ ಎಂಬ ಕಿಣ್ವ ಸುತ್ತಲಿನ ದ್ರವವನ್ನು ಹೆಪ್ಪುಗಟ್ಟಿಸುತ್ತದೆ. ಸೋಂಕು ಗೋಡೆಯೊಳಗೆ ಸಿಕ್ಕಿಬಿದ್ದು ಕುರುವಾಗುತ್ತದೆ. ಇನ್ನೊಂದು ಜೀವಾಣು ಸ್ಟ್ರೆಪ್ಟೊಕಾಕಸ್‌ನ ಕಿಣ್ವಗಳು ಹೆಪ್ಪನ್ನೂ ಅಂಗಾಂಶದ ಅಂಟನ್ನೂ ಕರಗಿಸುತ್ತವೆ. ಕೀವು ತೆಳುವಾಗುತ್ತದೆ, ಸೋಂಕು ಹರಡಿ ರಕ್ತಕ್ಕೂ ಇಳಿಯಬಹುದು.

ಎಡವಟ್ಟಾದದ್ದು ಮುಂದಿನ ಹೆಜ್ಜೆಯಲ್ಲಿ. ‘ಇಂಥ ಕೀವು ಬಂದವರು ಉಳಿಯುತ್ತಾರೆ’ ಎಂಬುದು ‘ಮಾಯಬೇಕಾದರೆ ಕೀವು ಬರಲೇಬೇಕು’ ಎಂದಾಯಿತು. ಪ್ರಾಚೀನ ಗ್ರೀಕ್ ವೈದ್ಯ ಗ್ಯಾಲೆನ್‌ನ ಹೆಸರು ಹೇಳಿ, ಗಾಯವನ್ನು ತೆರೆದೇ ಇಟ್ಟು, ಬತ್ತಿ ತುರುಕಿ, ಮುಲಾಮು ಮೆತ್ತಿ ಕೀವು ಬರಿಸುತ್ತಿದ್ದರು. 13ನೇ ಶತಮಾನದಲ್ಲೇ ಇಟಲಿಯ ಶಸ್ತ್ರವೈದ್ಯ ಥಿಯೊಡೊರಿಕ್ ಇದನ್ನು ನೇರವಾಗಿ ವಿರೋಧಿಸಿದ್ದ: ಗಾಯದೊಳಗಿನ ಕಸ ತೆಗೆಯಿರಿ, ದ್ರಾಕ್ಷಾರಸದಿಂದ ತೊಳೆಯಿರಿ, ಅಂಚು ಕೂಡಿಸಿ ಒಣಗಿರುವಂತೆ ಕಟ್ಟಿರಿ. ಆ ಮಾತು ನಡೆದಿದ್ದರೆ ಎಷ್ಟು ಜೀವ ಉಳಿಯುತ್ತಿದ್ದವೋ! ಹೆಚ್ಚಿನವರು ಕಿವಿಗೊಡಲಿಲ್ಲ.

1865ರ ಆಗಸ್ಟ್‌ನಲ್ಲಿ ಗ್ಲಾಸ್ಗೋದಲ್ಲಿ ಗಾಡಿ ಹರಿದು, ಕಾಲಿನ ಮೂಳೆ ಮುರಿದು ಚರ್ಮವೂ ಸೀಳಿದ್ದ 11 ವರ್ಷದ ಹುಡುಗನ ಗಾಯಕ್ಕೆ ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್ ಜೀವಾಣುಗಳನ್ನು ಕೊಲ್ಲುವ ಕಾರ್ಬಾಲಿಕ್ ಆಮ್ಲದಲ್ಲಿ ಅದ್ದಿದ ಬಟ್ಟೆ ಕಟ್ಟಿಸಿದರು. ನಾಲ್ಕು ದಿನದ ನಂತರ ಬಿಚ್ಚಿದಾಗ ಕೀವಿರಲಿಲ್ಲ. ಆರು ವಾರಕ್ಕೆ ಮೂಳೆ ಕೂಡಿಕೊಂಡಿತು. ಈ ವಿಧಾನಕ್ಕೆ ಮೊದಲು ಲಿಸ್ಟರ್ ಅವರ ವಾರ್ಡಿನಲ್ಲಿ ಅಂಗಚ್ಛೇದನವಾದ 35 ಮಂದಿಯಲ್ಲಿ 16 ಮಂದಿ ಸತ್ತಿದ್ದರು, ನಂತರ 40ರಲ್ಲಿ 6 ಮಂದಿ. ಕೀವೇ ಇಲ್ಲದೆ ಗಾಯ ಮಾಯುತ್ತದೆ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೆ?

ಕಾರಣವನ್ನು ಕಣ್ಣಿಗೆ ತೋರಿಸಿದವರು ಸ್ಕಾಟ್ಲೆಂಡಿನ ಅಬರ್ಡೀನ್‌ನ ಶಸ್ತ್ರವೈದ್ಯ ಅಲೆಕ್ಸಾಂಡರ್ ಆಗ್ಸ್‌ಟನ್. 1880ರ ಸುಮಾರಿಗೆ ಕುರುವಿನ ಕೀವಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಗುಂಡು ಜೀವಾಣುಗಳ ಗೊಂಚಲುಗಳು ಕಂಡವು. ದ್ರಾಕ್ಷಿಗೊಂಚಲಿನ ಗ್ರೀಕ್ ಪದದಿಂದ ಅವಕ್ಕೆ ಸ್ಟೆಫಿಲೊಕಾಕಸ್ ಎಂದು ಹೆಸರಿಟ್ಟರು. ಆ ಜೀವಾಣು ಕಟ್ಟಿಕೊಳ್ಳುವ ಗೋಡೆಯೊಳಕ್ಕೆ ಔಷಧ ಸರಿಯಾಗಿ ಇಳಿಯುವುದಿಲ್ಲ. ಆದ್ದರಿಂದಲೇ ದೊಡ್ಡ ಕುರುವಿಗೆ ಇಂದೂ ಬರೀ ಆ್ಯಂಟಿಬಯಾಟಿಕ್ ಸಾಲದು. ಕೊಯ್ದು ಕೀವು ಹೊರತೆಗೆಯಲೇಬೇಕು.