ಕಳೆ ಕೆರೆಯಲ್ಲಿ, ಗೊಬ್ಬರ ರಾಜಕಾಲುವೆಯಲ್ಲಿ

ಬೆಂಗಳೂರಿನ ಕೆರೆ ಸಮಿತಿಗಳಿಂದ ನನಗೆ ಬರುವ ಕರೆಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯಿಂದ ಆರಂಭವಾಗುತ್ತವೆ: ಕಳೆ ತೆಗೆಯುವ ಯಂತ್ರಕ್ಕೆ ದಿನಕ್ಕೆ ಬಾಡಿಗೆ ಎಷ್ಟು? ಕಳೆದ ವರ್ಷವಷ್ಟೇ ತೆಗೆಸಿದ್ದಿರಲ್ಲ ಎಂದರೆ, “ಮತ್ತೆ ಬಂದುಬಿಟ್ಟಿದೆ ಸರ್, ಕಂಟ್ರಾಕ್ಟರ್ ಸರಿಯಾಗಿ ಕೆಲಸ ಮಾಡಿಲ್ಲ” ಎಂಬ ಉತ್ತರ ಸಿದ್ಧವಾಗಿರುತ್ತದೆ. ಗುತ್ತಿಗೆದಾರರ ಪರ ವಕಾಲತ್ತು ವಹಿಸುವ ಅಭ್ಯಾಸ ನನಗಿಲ್ಲ. ಆದರೂ ಈ ವಿಷಯದಲ್ಲಿ ಅವರ ತಪ್ಪು ಕಡಿಮೆ.

ಈಗ ಎಲ್ಲರೂ ಅಂತರಗಂಗೆ ಎನ್ನುವ, ನೇರಳೆ ಹೂವಿನ ವಾಟರ್ ಹಯಸಿಂತ್ ದಕ್ಷಿಣ ಅಮೆರಿಕದಿಂದ ಬಂದ ಗಿಡ. (ಹಳಬರು ಅಂತರಗಂಗೆ ಎನ್ನುತ್ತಿದ್ದುದು ಎಲೆಕೋಸಿನಂತೆ ಕಾಣುವ ಬೇರೊಂದು ತೇಲುಗಿಡಕ್ಕೆ, ಆ ತಕರಾರು ಇಲ್ಲಿ ಬೇಡ.) ಅನುಕೂಲವಿದ್ದರೆ ಅದು ಸುಮಾರು ಎರಡು ವಾರಗಳಲ್ಲಿ ಇಮ್ಮಡಿಯಾಗುತ್ತದೆ. ಯಂತ್ರವು ನೂರಕ್ಕೆ 99 ಪಾಲು ಎತ್ತಿಹಾಕಿ, ಜೊಂಡಿನ ಸಂದಿಯಲ್ಲಿ ಒಂದು ಪಾಲು ಉಳಿಯಿತೆಂದುಕೊಳ್ಳಿ: ಒಂದು ಎರಡಾಗಿ, ಎರಡು ನಾಲ್ಕಾಗಿ, ಏಳನೆಯ ಸುತ್ತಿಗೆ, ಅಂದರೆ 14 ವಾರಗಳಿಗೆ, ಕೆರೆ ಮತ್ತೆ ಪೂರ್ತಿ ಮುಚ್ಚಿರುತ್ತದೆ.

ಆ ‘ಅನುಕೂಲ’ವನ್ನು ಒದಗಿಸುತ್ತಿರುವವರು ನಾವು. ನಮ್ಮ ಮನೆಗಳಿಂದ ರಾಜಕಾಲುವೆಯ, ಅಂದರೆ ಮಳೆನೀರಿನ ದೊಡ್ಡ ಕಾಲುವೆಯ, ಮೂಲಕ ಕೆರೆ ಸೇರುವ ಕೊಳಚೆಯಲ್ಲಿರುವ ಸಾರಜನಕ ಮತ್ತು ರಂಜಕ, ರೈತರು ಹಣ ಕೊಟ್ಟು ತಂದು ಹೊಲಕ್ಕೆ ಹಾಕುವ ಅದೇ ಪೋಷಕಾಂಶಗಳು. ಒಂದು ಗಿಡವನ್ನು ಕಿತ್ತು ನೋಡಿದರೆ ಪ್ರಯೋಗಾಲಯಕ್ಕೆ ಹೋಗುವ ಮೊದಲೇ ಅಂದಾಜು ಸಿಗುತ್ತದೆ. ಬಡ ನೀರಿನಲ್ಲಿ ಬೆಳೆದ ಗಿಡಕ್ಕೆ ಎಲೆ ಕುಳ್ಳು, ಬೇರು ಉದ್ದ. ಕೊಳಚೆಯಲ್ಲಿ ಬೆಳೆದದ್ದು ಸೊಂಟದೆತ್ತರಕ್ಕೆ ಕೊಬ್ಬಿ ನಿಂತಿದ್ದರೂ ಅದರ ಬೇರು ಗಿಡ್ಡ, ಏಕೆಂದರೆ ಆಹಾರವನ್ನು ಅದು ಹುಡುಕಬೇಕಾಗಿಯೇ ಇಲ್ಲ.

ಇಷ್ಟು ಹೇಳಿದೊಡನೆ “ನಮ್ಮಲ್ಲಿ ಎಸ್‌ಟಿಪಿ ಇದೆಯಲ್ಲ ಸರ್” ಎನ್ನುತ್ತಾರೆ. ನಾನು ಪದೇ ಪದೇ ಸೋಲುವುದು ಇಲ್ಲಿಯೇ. ಸಾಮಾನ್ಯ ಎಸ್‌ಟಿಪಿ, ಅಂದರೆ ಕೊಳಚೆನೀರಿನ ಸಂಸ್ಕರಣಾ ಘಟಕ, ತೆಗೆಯುವುದು ಮುಖ್ಯವಾಗಿ ಕೊಳೆಯುವ ಸಾವಯವ ಅಂಶವನ್ನು ಮತ್ತು ತೇಲುವ ಕಣಗಳನ್ನು. ಕರಗಿರುವ ರಂಜಕವನ್ನು ತೆಗೆಯಲು ಪ್ರತ್ಯೇಕ ಹಂತ ಬೇಕು, ಅದು ಬಹಳ ಕಡೆ ಇರುವುದಿಲ್ಲ. ಒಮ್ಮೆ ಒಂದು ಬಡಾವಣೆಯ ಕಾರ್ಯದರ್ಶಿಗಳು, ನಿವೃತ್ತ ಎಂಜಿನಿಯರರು, ಬಹಳ ಒಳ್ಳೆಯ ಮನುಷ್ಯ, ತಮ್ಮ ಘಟಕದಿಂದ ಹೊರಬಿದ್ದ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು, “ನೋಡಿ, ಕುಡಿಯಬಹುದು ಅನ್ನಿಸುತ್ತೆ” ಎಂದರು. ಆ ತಿಳಿನೀರಿಗೇ ರಂಜಕ ಪರೀಕ್ಷೆಯ ದ್ರಾವಣವನ್ನು ಬೆರೆಸಿ ಹತ್ತು ನಿಮಿಷ ಕಾದೆವು; ನೀಲಿ ಗಾಢವಾದಷ್ಟೂ ರಂಜಕ ಹೆಚ್ಚು. ಮೊದಲು ತೆಳು ನೀಲಿ ಕಟ್ಟಿ, ನೋಡುನೋಡುತ್ತಿದ್ದಂತೆ ಪೆನ್ನಿನ ಇಂಕಿನಷ್ಟು ಗಾಢವಾಯಿತು. ತಿಳಿಯಾದ ನೀರು ಬೇರೆ, ಪೋಷಕಾಂಶವಿಲ್ಲದ ನೀರು ಬೇರೆ. ಜಕ್ಕೂರು ಕೆರೆಯಲ್ಲಿ ಸಂಸ್ಕರಿಸಿದ ನೀರನ್ನು ಜೊಂಡು ಬೆಳೆದ ಕೃತಕ ಜೌಗಿನ ಮೂಲಕ ಹಾಯಿಸಿ ಕೆರೆಗೆ ಬಿಡುವ ವ್ಯವಸ್ಥೆ ಮಾಡಿರುವುದು ಈ ಕಾರಣಕ್ಕೇ. ಆ ಜೊಂಡನ್ನೂ ಆಗಾಗ ಕೊಯ್ದು ಹೊರಹಾಕದಿದ್ದರೆ ಹೀರಿದ್ದೆಲ್ಲ ಕೊಳೆತು ನೀರಿಗೇ ಮರಳುತ್ತದೆ.

ಕೊಳಚೆ ಮಾಡಿದ ಇನ್ನೊಂದು ಕೆಲಸವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮ್ಮ ಮಳೆಯಾಧಾರಿತ ಕೆರೆಗಳಲ್ಲಿ ಅನೇಕವು ಬೇಸಿಗೆಯಲ್ಲಿ ತಳ ಕಾಣುತ್ತಿದ್ದವು, ರೈತರು ಗೋಡು (ಕೆರೆಯ ತಳದ ಹೂಳುಮಣ್ಣು) ಹೊಡೆದುಕೊಳ್ಳುತ್ತಿದ್ದರು. ಹಾಗೆ ಒಣಗಿದಾಗ ತೇಲುಗಿಡವೂ ಸಾಯುತ್ತಿತ್ತು, ಬೀಜ ಮಾತ್ರ ಮಣ್ಣಿನಲ್ಲಿ ಉಳಿಯುತ್ತಿತ್ತು. ಈಗ ಸುಮಾರು ನೂರು ಕಿಲೋಮೀಟರ್ ದೂರದಿಂದ ಬಂದ ಕಾವೇರಿ ನೀರು ನಮ್ಮ ಬಚ್ಚಲುಗಳನ್ನು ಹಾದು ಹನ್ನೆರಡು ತಿಂಗಳೂ ಕೆರೆ ಸೇರುವುದರಿಂದ, ಕಳೆಗೆ ಬೇಸಿಗೆಯೆಂಬುದೇ ಇಲ್ಲ.

ಮೀನಿನ ಕಥೆಯೂ ಇದೇ. ದಟ್ಟ ಕಳೆಯ ಕೆಳಗೆ, ಬೆಳಗಿನ ಜಾವ, ಕರಗಿದ ಆಮ್ಲಜನಕ ಲೀಟರಿಗೆ ಎರಡು ಮಿಲಿಗ್ರಾಂಗೂ ಇಳಿದಿರುವುದನ್ನು ನನ್ನ ಮೀಟರಿನಲ್ಲಿ ಹಲವು ಬಾರಿ ಕಂಡಿದ್ದೇನೆ. ಅಂಥ ನೀರಿನಲ್ಲಿ ಸಣ್ಣ ದೇಸಿ ಮೀನುಗಳು ಬಾಯಿ ಬಿಡುತ್ತಿರುವಾಗ, ಸಾಕಣೆಗೆ ನಿಷೇಧವಿರುವ ಆಫ್ರಿಕನ್ ಕ್ಯಾಟ್‌ಫಿಶ್ ಮೇಲೆ ಬಂದು ಗಾಳಿ ನುಂಗಿ ಆರಾಮವಾಗಿರುತ್ತದೆ. ನಮ್ಮ ಮರಲ್ ಮೀನಿಗೂ ಆ ಶಕ್ತಿಯುಂಟು, ಆದರೆ ಅದರ ಮರಿಗಳೂ ಕ್ಯಾಟ್‌ಫಿಶ್‌ನ ಬಾಯಿಗೆ ಸಿಗುತ್ತವೆ.

ಯಂತ್ರ ಬೇಡವೆಂದು ನಾನು ಹೇಳುತ್ತಿಲ್ಲ. ಕಿತ್ತ ಕಳೆಯನ್ನು ಏರಿಯ ಮೇಲೆ ರಾಶಿ ಹಾಕಿ ಮಳೆಗೆ ಅದರ ರಸ ಕೆರೆಗಿಳಿಯಲು ಬಿಡಬೇಡಿ, ಅಷ್ಟೇ. ಕೊಳಚೆ ನಿಂತರೂ ಹೂಳಿನಲ್ಲಿ ಕೂತ ರಂಜಕ ಕೆಲವು ವರ್ಷ ಹೊರಬರುತ್ತಲೇ ಇರಬಹುದು. ಪ್ರತಿ ಕೆರೆಯ ಲೆಕ್ಕವೂ ಬೇರೆಯಾದ್ದರಿಂದ ಇಂತಿಷ್ಟೇ ದಿನವೆಂದು ನಾನು ಬರೆದುಕೊಡಲಾರೆ. ಮುಂದಿನ ಸಲ ಕರೆ ಮಾಡುವ ಮೊದಲು, ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ರಾಜಕಾಲುವೆಯ ಬಾಯಿಗೆ ಹೋಗಿ ನೋಡಿಕೊಂಡು ಬನ್ನಿ. ಮಳೆಯಿಲ್ಲದ ಆ ದಿನ ಅಲ್ಲಿ ಹರಿಯುತ್ತಿರುವುದು ಯಾರ ಮನೆಯ ನೀರು ಎಂದು ಹುಡುಕಲು ನಾನೂ ಜೊತೆಗೆ ಬರುತ್ತೇನೆ. ಬಾಡಿಗೆಯ ಮಾತು ಆಮೇಲೆ ಆಡೋಣ.