ಎಂಜಿನ್ ಹೆಸರು ಹೇಳಿ ಗೇರ್ ಕೇಳುವವರಿಗೆ

ಪ್ರಶ್ನೆ: "ನಮ್ಮದು ಹಳೇ ಡೀಸೆಲ್ ಪಿಕಪ್. ಮೂರನೇ ಗೇರ್ ಹಾಕಿದರೆ ಕರ್ರ್ ಅನ್ನುತ್ತೆ. ಎಂಜಿನ್ ಪ್ಯೂಜೊ. ಇದಕ್ಕೆ ಯಾವ ಸಿಂಕ್ರೊ ರಿಂಗ್, ಯಾವ ಗೇರ್ ಬರುತ್ತೆ? ನಂಬರ್ ಹೇಳಿ ಸಾಕು, ಬೆಂಗಳೂರಿಂದ ತರಿಸ್ಕೊತೀವಿ."

ಇದು ವಾರಕ್ಕೆ ಎರಡು ಸಲವಾದರೂ ಬರುವ ಪ್ರಶ್ನೆ. (ಸಿಂಕ್ರೊ ರಿಂಗ್ ಅಂದರೆ ಗೇರ್ ಬದಲಿಸುವಾಗ ಗೇರನ್ನು ಹಿಡಿದು ವೇಗ ಹೊಂದಿಸುವ ಹಿತ್ತಾಳೆ ಬಳೆ.) ಒಮ್ಮೆ ಜಗಳೂರಿಂದ, ಒಮ್ಮೆ ಚನ್ನಗಿರಿಯಿಂದ, ಒಮ್ಮೆ ಭರಮಸಾಗರದಿಂದ. ಒಬ್ಬರಿಗೆ ಎರಡನೇ ಗೇರ್ ತೊಂದರೆ, ಇನ್ನೊಬ್ಬರಿಗೆ ರಿವರ್ಸ್. ಎಲ್ಲರೂ ತಪ್ಪದೆ ಹೇಳುವುದು ಎಂಜಿನ್ ಹೆಸರು. ಯಾರೂ ಹೇಳದೇ ಇರುವುದು ಗೇರ್‌ಬಾಕ್ಸ್ ಹೆಸರು.

ಉತ್ತರ ಚಿಕ್ಕದು. ಬಾಕ್ಸ್ ಇಳಿಸಿ, ಬಿಚ್ಚಿ, ಹಳೇ ಸಾಮಾನನ್ನು ಡೀಸೆಲ್‌ನಲ್ಲಿ ತೊಳೆದು, ಹಲ್ಲು ಎಣಿಸಿ, ಬೇರಿಂಗ್ ನಂಬರ್ ಓದಿ. ಆಮೇಲೆ ಫೋನ್ ಮಾಡಿ. ಅಷ್ಟೇ. ಆದರೆ ಇಷ್ಟು ಹೇಳಿದರೆ ಯಾರಿಗೂ ಸಮಾಧಾನ ಇಲ್ಲ. "ಅಲ್ರೀ, ಎಂಜಿನ್ ಗೊತ್ತಲ್ಲ, ಅದೇ ಸಾಲದಾ?" ಅಂತಾರೆ. ಸಾಲದು. ಯಾಕೆ ಅಂತ ಈ ಸಲ ಪೂರ್ತಿ ಬರೆದುಬಿಡುತ್ತೇನೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಈ ನಂಬಿಕೆ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಎಂಜಿನ್ ಸಾಮಾನಿಗೆ ಈ ಲೆಕ್ಕ ನಡೆಯುತ್ತೆ. ಪಿಸ್ಟನ್, ರಿಂಗ್ಸ್, ಗ್ಯಾಸ್ಕೆಟ್ ಕೇಳುವಾಗ ಎಂಜಿನ್ ಹೆಸರು ಹೇಳಿದರೆ ಅಂಗಡಿಯವನು ಡಬ್ಬಿ ತೆಗೆದುಕೊಡುತ್ತಾನೆ. ಎಷ್ಟೋ ಎಂಜಿನ್‌ಗಳ ಹೆಸರಲ್ಲೇ ಅಳತೆ ಇದೆ. ಟಾಟಾ 407ರ 497 ಎಂಜಿನ್ ಅಂದರೆ 4 ಸಿಲಿಂಡರ್, 97 ಮಿ.ಮೀ. ಬೋರ್, ಅಂದರೆ ಸಿಲಿಂಡರಿನ ಒಳ ಅಗಲ. 206 ಪಿಕಪ್‌ನ 483 ಅಂದರೆ 4 ಸಿಲಿಂಡರ್, 83 ಬೋರ್. ಮಹೀಂದ್ರದವರು ಹಾಕುತ್ತಿದ್ದ ಪ್ಯೂಜೊ ಎಕ್ಸ್‌ಡಿಪಿ 4.90 ಕೂಡ ಹಾಗೇ: ನಾಲ್ಕು ಸಿಲಿಂಡರ್, 90 ಬೋರ್. ಹೆಸರೇ ಇಷ್ಟೆಲ್ಲ ಹೇಳುವಾಗ ಗೇರ್‌ಬಾಕ್ಸ್ ಯಾವುದು ಅಂತಲೂ ಹೇಳುತ್ತೆ ಅಂತ ಜನ ಅಂದುಕೊಂಡರೆ ಅದು ಅವರ ತಪ್ಪೇನಲ್ಲ.

ಆದರೆ ಹೇಳಲ್ಲ. ಅದೇ ಪ್ಯೂಜೊ ವಂಶದ ಎಂಜಿನ್ ಹಿಂದೆ ನಾಲ್ಕು ಗೇರಿನ ಕೆಎಂಟಿ 90 ಬಾಕ್ಸ್ ಕೂತದ್ದೂ ಉಂಟು, ಐದು ಗೇರಿನ ಬಿಎ 10 ಕೂತದ್ದೂ ಉಂಟು. ಒಂದರ ರಿಂಗ್ ಇನ್ನೊಂದಕ್ಕೆ ಹತ್ತಿರಕ್ಕೂ ಬರಲ್ಲ. ಇದು ಕಂಪನಿಯಿಂದ ಬಂದ ಗಾಡಿಗಳ ಕಥೆ. ನಮ್ಮ ಕಡೆ ಕಂಪನಿಯಿಂದ ಬಂದ ಹಾಗೇ ಉಳಿದಿರುವ ಹಳೇ ಪಿಕಪ್ ಎಷ್ಟಿವೆ ಹೇಳಿ? ಮೆಕ್ಕೆಜೋಳದ ಸೀಸನ್‌ನಲ್ಲಿ ಎಂಜಿನ್ ಕೆಟ್ಟು ಕೂತರೆ ಗುಜರಿಯಿಂದ ಇನ್ನೊಂದು ತಂದು ಇಳಿಸುತ್ತಾರೆ. ಬಾಕ್ಸ್ ಹೋದರೆ ಯಾವುದೋ ಜೀಪಿನದ್ದು ತಂದು, ಕ್ರಾಸ್ ಮೆಂಬರ್ (ಚಾಸಿಸ್ಸಿನ ಅಡ್ಡಪಟ್ಟಿ) ಕೊಯ್ದು ವೆಲ್ಡಿಂಗ್ ಮಾಡಿ ಕೂರಿಸುತ್ತಾರೆ. ಮೂರು ಕೈ ದಾಟಿದ ಮೇಲೆ ಈಗಿನ ಮಾಲೀಕರಿಗೆ ಅದೇ ಒರಿಜಿನಲ್! ಆರ್‌ಸಿ ತೋರಿಸ್ತೀನಿ ಅನ್ನಬೇಡಿ. ಅದರಲ್ಲಿ ಚಾಸಿಸ್ ನಂಬರ್ ಇದೆ, ಎಂಜಿನ್ ನಂಬರ್ ಇದೆ, ಗೇರ್‌ಬಾಕ್ಸ್ ನಂಬರ್ ಇಲ್ಲ.

ಒಂದು ಮಾತು ಅರ್ಥ ಮಾಡಿಕೊಂಡರೆ ಈ ಗೊಂದಲ ಮುಗಿಯುತ್ತೆ. ಎಂಜಿನ್‌ಗೂ ಬಾಕ್ಸ್‌ಗೂ ಇರುವ ನೆಂಟಸ್ತನ ಬಾಗಿಲ ಹತ್ತಿರ ಮಾತ್ರ. ಬಾಕ್ಸನ್ನು ಎಂಜಿನ್‌ಗೆ ಸೇರಿಸುವ ಬೆಲ್ ಹೌಸಿಂಗ್‌ನ ಬೋಲ್ಟ್ ತೂತುಗಳು, ಕ್ಲಚ್ ಪ್ಲೇಟ್ ಕೂರುವ ಸ್ಪ್ಲೈನ್ (ಶಾಫ್ಟ್ ಮೇಲಿನ ಉದ್ದುದ್ದ ಗೀರುಗಳು), ಎಂಜಿನ್ ತಿರುಗನ್ನು ಬಾಕ್ಸ್ ಒಳಗೆ ತರುವ, ತುದಿಯಲ್ಲಿ ಗೇರ್ ಹಲ್ಲಿರುವ ಕ್ಲಚ್ ಶಾಫ್ಟ್‌ನ ಉದ್ದ, ಅದರ ಮೂತಿ ಹೋಗಿ ಕೂರುವ ಪೈಲಟ್ ಬೇರಿಂಗ್. ಇಷ್ಟಕ್ಕೆ ಎಂಜಿನ್ ಯಾವುದು ಅಂತ ಗೊತ್ತಿರಬೇಕು. ಹೊಸಿಲು ದಾಟಿ ಒಳಗೆ ಹೋದರೆ ಕ್ಲಚ್ ಶಾಫ್ಟ್ ತಿರುಗಿಸುವ ಕೌಂಟರ್ ಶಾಫ್ಟ್‌ಗೆ, ಅದರಿಂದ ತಿರುಗಿ ಚಕ್ರದ ಕಡೆ ಹೋಗುವ ಮೇನ್ ಶಾಫ್ಟ್‌ಗೆ, ನಿಮ್ಮ ಮೂರನೇ ಗೇರಿಗೆ ಮುಂದೆ ಯಾವ ಎಂಜಿನ್ ಓಡುತ್ತಿದೆ ಅನ್ನುವುದೇ ಗೊತ್ತಿಲ್ಲ.

ಬಾಕ್ಸ್ ಹೆಸರು ಗೊತ್ತಿದ್ದರೂ ಕೆಲಸ ಅಲ್ಲಿಗೇ ಮುಗಿಯಲ್ಲ. ನಾನೇ ಒಂದು ಸಲ ಏಮಾರಿದ್ದೇನೆ. ಎಂಜಿನ್ ಅದೇ, ಬಾಕ್ಸ್ ಅದೇ ಅಂತ ಧೈರ್ಯವಾಗಿ ರಾತ್ರಿ ಬಸ್ಸಿಗೆ ಹೋಗಿ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕ್ಲಚ್ ಶಾಫ್ಟ್ ತಂದೆ. ಉದ್ದ ಸರಿ, ಸ್ಪ್ಲೈನ್ ಸರಿ, ಬೇರಿಂಗ್ ಸರಿ. ಕೂರಿಸೋಕೆ ಹೋದರೆ ಹೋಗ್ತಾನೇ ಇಲ್ಲ. ಅರ್ಧ ಗಂಟೆ ಮರದ ಸುತ್ತಿಗೆಯಲ್ಲಿ ತಟ್ಟಿ ಬೆವರು ಸುರಿಸಿದ ಮೇಲೆ ಬುದ್ಧಿ ಬಂತು. ಹಲ್ಲು ಎಣಿಸಿದೆ. ಹಳೆಯದು 17, ಹೊಸದು 18.

ಒಂದೇ ಹಲ್ಲು ಅಲ್ವಾ ಅನ್ನಬೇಡಿ. ಆ ಬಾಕ್ಸ್‌ನಲ್ಲಿ 17ಕ್ಕೆ ಎದುರಾಗಿ ಕೌಂಟರ್ ಶಾಫ್ಟ್‌ನಲ್ಲಿ 31 ಹಲ್ಲಿತ್ತು. ಕೂಡಿದರೆ 48. ಎರಡು ಶಾಫ್ಟ್‌ಗಳ ನಡುವಿನ ದೂರವನ್ನು ಹೌಸಿಂಗ್ ಕಟ್ಟಿಹಾಕಿರುತ್ತೆ. ಹಲ್ಲಿನ ಸೈಜ್ ಒಂದೇ ಆದರೆ ಕೂಡಿದ ಲೆಕ್ಕವೂ ಅಷ್ಟೇ ಇರಬೇಕು. 18ಕ್ಕೆ ಜೋಡಿ 30. ನಾನು 18 ತಂದು 31ರ ಎದುರು ಇಟ್ಟರೆ 49 ಆಯ್ತು, ಜಾಗ ಎಲ್ಲಿದೆ? ಇನ್ನೂ ಮಜಾ ಏನಂದರೆ 18ರ ಜೊತೆ 30ರ ಕೌಂಟರನ್ನೂ ತಂದಿದ್ದರೆ ಎರಡೂ ಚೆಂದಾಗಿ ಕೂರುತ್ತಿದ್ದವು. ಗಾಡಿಯೂ ಓಡುತ್ತಿತ್ತು. ಆದರೆ ಆ ಜೋಡಿಯ ರೇಷಿಯೋ 1.82 ಇದ್ದದ್ದು 1.67ಕ್ಕೆ ಇಳಿಯುತ್ತಿತ್ತು. ನಾಲ್ಕನೇ ಗೇರ್ ನೇರ ಇರುವ (ಕ್ಲಚ್ ಶಾಫ್ಟ್ ತಿರುಗಿದಷ್ಟೇ ಮೇನ್ ಶಾಫ್ಟ್ ತಿರುಗುವ) ಬಾಕ್ಸ್‌ನಲ್ಲಿ ಅದೊಂದನ್ನು ಬಿಟ್ಟು ಎಲ್ಲ ಗೇರಿನ ಎಳೆತವೂ ಬದಲಾಗುತ್ತಿತ್ತು. ಲೋಡ್ ಹಾಕಿ ಏರಿನಲ್ಲಿ ನಿಂತಾಗ "ಯಾಕೋ ಫಸ್ಟ್ ಗೇರ್ ಎಳೀತಿಲ್ಲ" ಅಂತ ಎಂಜಿನ್ ಬಿಚ್ಚಿಸುವವರು ಇದ್ದಾರೆ. ಪಾಪ, ಎಂಜಿನ್ ಏನೂ ಮಾಡಿರಲ್ಲ.

ಅದಕ್ಕೇ ಎಣಿಸಿ ಅನ್ನುವುದು. ಒಂದು ಹಲ್ಲಿಗೆ ಸೀಮೆಸುಣ್ಣ ಹಚ್ಚಿ, ಅಲ್ಲಿಂದ ಒಂದು ಸುತ್ತು ಎಣಿಸಿ. ಮುರಿದ ಹಲ್ಲಿನ ಜಾಗವನ್ನೂ ಸೇರಿಸಿ. ಮತ್ತೊಬ್ಬರ ಕೈಲಿ ಇನ್ನೊಂದು ಸಲ ಎಣಿಸಿಸಿ. ಹಲ್ಲು ಯಾವ ಕಡೆ ವಾಲಿದೆ ನೋಡಿ. ಕೂಡುವ ಎರಡು ಗೇರ್‌ಗಳಲ್ಲಿ ಒಂದು ಎಡಕ್ಕೆ ವಾಲಿದ್ದರೆ ಇನ್ನೊಂದು ಬಲಕ್ಕೆ ವಾಲಿರುತ್ತೆ. ಫೋರ್ ವೀಲ್ ಡ್ರೈವ್ ಗಾಡಿಯ ಬಾಕ್ಸ್ ಆಗಿದ್ದರೆ ಅದನ್ನು ಮೊದಲೇ ಹೇಳಿ, ಮೇನ್ ಶಾಫ್ಟ್ ಹಿಂದಿನ ತುದಿಯೇ ಬೇರೆ ಇರುತ್ತೆ.

ಹೌಸಿಂಗ್ ಮೇಲಿನ ನಂಬರ್ ಫೋಟೊ ಕಳಿಸುವವರೂ ಇದ್ದಾರೆ. ಒಳ್ಳೆಯದೇ, ಆದರೆ ಉಬ್ಬಿ ಬಂದ ಅಕ್ಷರಗಳು ಸಾಮಾನ್ಯವಾಗಿ ಆ ಎರಕದ ನಂಬರ್ ಮಾತ್ರ, ಒಳಗಿನ ಗೇರಿನದ್ದಲ್ಲ. ಗುದ್ದಿದ ನಂಬರ್ ಅಥವಾ ರಿವೆಟ್ ಹೊಡೆದ ತಗಡಿನ ಪಟ್ಟಿ ಸಿಕ್ಕರೆ ಅದು ಬೇಕು. ಗ್ರೀಸ್ ಕೆರೆದು ಹುಡುಕಿ.

ಇನ್ನು ಬೇರಿಂಗ್. ಇದು ನನಗೆ ಇಷ್ಟದ ಭಾಗ, ಯಾಕಂದರೆ ಇದರಲ್ಲಿ ಊಹೆಗೆ ಜಾಗವಿಲ್ಲ. ಬೇರಿಂಗ್ ನಂಬರಿನ ಕೊನೆಯ ಎರಡು ಅಂಕಿ 04 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಐದರಿಂದ ಗುಣಿಸಿ, ಒಳ ತೂತಿನ ಅಳತೆ ಬರುತ್ತೆ. 6207 ಅಂದರೆ 7 ಐದ್ಲಿ 35 ಮಿ.ಮೀ. 6306 ಅಂದರೆ 30. ಈಗ ಇವೆರಡನ್ನೂ ಕೈಯಲ್ಲಿ ಹಿಡಿದು ನೋಡಿ: ಹೊರಗಿನ ಅಳತೆ ಎರಡಕ್ಕೂ 72! ಹೌಸಿಂಗ್‌ನಲ್ಲಿ ಎರಡೂ ಕೂರುತ್ತವೆ, ಶಾಫ್ಟ್ ಮಾತ್ರ ಬೇರೆ. ದಪ್ಪವೂ ಒಂದು 17, ಇನ್ನೊಂದು 19. "ಹೊರಗಿನ ಅಳತೆ ತಗೊಂಡಿದ್ದೆ ಅಣ್ಣಾ" ಅಂತ ಬರುವವರಿಗೆ ನಾನು ಇವೆರಡನ್ನೂ ಮೇಜಿನ ಮೇಲೆ ಜೋಡಿಸಿಟ್ಟು ತೋರಿಸುತ್ತೇನೆ. ನಂಬರ್ ಕೊನೆಯಲ್ಲಿ ಎನ್ ಅಂತ ಇದ್ದರೆ ಹೊರಗಿನ ಸುತ್ತಿನಲ್ಲಿ ಲಾಕ್ ರಿಂಗ್ ಕೂರುವ ತೋಡು ಇದೆ ಅಂತ ಅರ್ಥ. ಆ ಒಂದಕ್ಷರ ಬಿಟ್ಟು ತರಿಸಿದರೆ ಇನ್ನೊಂದು ಸಲ ಬಸ್ ಚಾರ್ಜ್.

ಸಿಂಕ್ರೊ ರಿಂಗ್‌ಗೆ ಹೊರಗಿನ ಹಲ್ಲು, ಒಳಗಿನ ಅಳತೆ, ಕೀಲಿ (ರಿಂಗನ್ನು ತಳ್ಳುವ ಚಿಕ್ಕ ತುಂಡು) ಕೂರುವ ಕಚ್ಚುಗಳು, ಇವಿಷ್ಟು ಬೇಕು. ಹಳೇ ರಿಂಗನ್ನು ಗೇರಿನ ಕೋನ್ ಮೇಲೆ ಒತ್ತಿ ತಿರುಗಿಸಿ ನೋಡಿ. ಹಿಡಿಯಬೇಕು. ರಿಂಗಿಗೂ ಗೇರಿನ ಹಲ್ಲಿಗೂ ನಡುವೆ ಸಂದೇ ಇಲ್ಲದೆ ಅಂಟಿಕೊಂಡಿದ್ದರೆ ರಿಂಗ್ ಸವೆದಿದೆ. ಮೊನ್ನೆ ಜಗಳೂರಿನವರೊಬ್ಬರು ಸಿಮೆಂಟ್ ಚೀಲದಲ್ಲಿ ಸುತ್ತಿ ತಂದಿದ್ದು ಹೀಗೇ ಇತ್ತು. ಹಾಕಿಸಿ ಎಂಟು ತಿಂಗಳಷ್ಟೇ ಆಗಿದೆಯಂತೆ.

ಇಲ್ಲಿ ಯಾರೂ ಕೇಳದ ಪ್ರಶ್ನೆಯೊಂದಿದೆ. ಬಾಕ್ಸ್‌ಗೆ ಯಾವ ಎಣ್ಣೆ ಹಾಕ್ತೀರಿ? "ತೊಂಬತ್ತರ ಎಣ್ಣೆ" ಅಂತಾರೆ ಎಲ್ಲರೂ. ತೊಂಬತ್ತು ಅನ್ನುವುದು ಎಣ್ಣೆ ಎಷ್ಟು ಮಂದ ಅನ್ನುವುದಷ್ಟೇ. ಡಬ್ಬಿ ಮೇಲೆ ಜಿಎಲ್-4 ಅಂತಲೋ ಜಿಎಲ್-5 ಅಂತಲೋ ಇರುತ್ತೆ, ಅದನ್ನು ಓದಬೇಕು. ಜಿಎಲ್-5 ಇರುವುದು ಹಿಂದಿನ ಆಕ್ಸಲ್‌ನ ಕ್ರೌನ್ ಪಿನಿಯನ್ ಅನ್ನುವ ಗೇರ್ ಜೋಡಿಗೆ. ಅಲ್ಲಿ ಹಲ್ಲಿನ ಮೇಲೆ ಹಲ್ಲು ಜಾರುತ್ತಾ ತಿಕ್ಕುತ್ತೆ, ಅದನ್ನು ತಡೆಯಲು ಗಂಧಕ, ರಂಜಕದ ಮದ್ದು ಜಾಸ್ತಿ ಹಾಕಿರುತ್ತಾರೆ. ಸಿಂಕ್ರೊ ರಿಂಗ್ ಕೆಲಸ ಇದಕ್ಕೆ ಪೂರ್ತಿ ಉಲ್ಟಾ. ಅದು ಜಾರಬಾರದು, ಹಿಡಿಯಬೇಕು. ಮೇಲಾಗಿ ಅದು ಹಿತ್ತಾಳೆ. ಎಲ್ಲ ಜಿಎಲ್-5 ಎಣ್ಣೆಯೂ ಹಿತ್ತಾಳೆಯನ್ನು ತಿನ್ನುತ್ತೆ ಅಂತಲ್ಲ, ಕೆಲವು ತಿನ್ನುತ್ತವೆ. ಹಳೇ ಬಾಕ್ಸ್‌ಗೆ ಮ್ಯಾನುಯಲ್‌ನಲ್ಲಿ ಬೇರೆ ಹೇಳಿಲ್ಲದಿದ್ದರೆ ಜಿಎಲ್-4 ಹಾಕಿ, ಸುಮ್ನೆ ತಲೆನೋವು ಬೇಡ.

ಜಗಳೂರಿನವರ ಬಾಕ್ಸ್‌ನಿಂದ ಇಳಿಸಿದ ಎಣ್ಣೆಯನ್ನು ಹಳೇ ಬನಿಯನ್ ಬಟ್ಟೆಯಲ್ಲಿ ಸೋಸಿದೆವು. ಬಟ್ಟೆ ಮೇಲೆ ಅರಿಸಿನ ಚೆಲ್ಲಿದ ಹಾಗೆ ಮಿಣಮಿಣ ಪುಡಿ. ಯಾವ ಎಣ್ಣೆ ಹಾಕ್ಸಿದ್ರಿ ಅಂತ ಕೇಳಿದೆ.

"ಕ್ರೌನ್‌ಗೆ ಹಾಕಿ ಅರ್ಧ ಡಬ್ಬಿ ಉಳಿದಿತ್ತು ಅಣ್ಣಾ, ವೇಸ್ಟ್ ಯಾಕೆ ಅಂತ ಇದಕ್ಕೂ ಅದನ್ನೇ ಸುರಿಸಿದೆ" ಅಂದರು.